ಭದ್ರಾವತಿಯ ಕಬ್ಬಿಣದ ಪುಸ್ತಕ ಅಚ್ಚಿಗೆ ಹೋಯಿತು

ನಿನ್ನೆ ಸಂಜೆ ಕಡೆಯ ಕರಡು ತಿದ್ದಿ ಮುದ್ರಣಾಲಯಕ್ಕೆ ಕೊಟ್ಟು ಬಂದೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಕಥೆ ಇನ್ನು ಪುಸ್ತಕವಾಗಿ ನಿಮ್ಮ ಕೈಗೆ ಬರುತ್ತದೆ. ಈ ಕೆಲಸ ಹೇಗೆ ಶುರುವಾಯಿತು, ನಡುವೆ ಯಾಕೆ ನಿಂತುಹೋಗಿತ್ತು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಇವತ್ತು ಬರೆಯಲು ಕೂತಿರುವುದು ಧನ್ಯವಾದ ಹೇಳುವುದಕ್ಕೆ ಮಾತ್ರ.

ಹಳೆಯ ಸಂಬಳದ ಚೀಟಿ, ಗೇಟ್ ಪಾಸ್, ಗುಂಪು ಫೋಟೋಗಳನ್ನು ನಂಬಿ ಕೊಟ್ಟ ಮನೆಗಳವರಿಗೆ, ಮೈಸೂರು ಸಂಸ್ಥಾನದ ವರದಿಗಳನ್ನು ಧೂಳು ಕೊಡವಿ ತೆಗೆದುಕೊಟ್ಟ ಗ್ರಂಥಾಲಯದ ಸಿಬ್ಬಂದಿಗೆ, ಕೆಮ್ಮಣ್ಣುಗುಂಡಿಯಲ್ಲಿ ಹಳೆಯ ಗಣಿಯ ಜಾಗಗಳನ್ನು ಮಳೆಯಲ್ಲೇ ನಡೆದು ತೋರಿಸಿದ ಗೆಳೆಯರಿಗೆ, ಕರಡನ್ನು ಸಾಲು ಬಿಡದೆ ಓದಿದ ಅಕ್ಕನಿಗೆ ನಾನು ಆಭಾರಿ.

ವರದಿಗಳಿಂದ ನನಗೆ ಸಿಕ್ಕಿದ್ದು ದೊಡ್ಡವರ ಕಥೆ. ಅದೂ ಸಣ್ಣದಲ್ಲ. ಕಲ್ಲಿದ್ದಲೇ ಇಲ್ಲದ ಸಂಸ್ಥಾನದಲ್ಲಿ ಕಬ್ಬಿಣ ಕರಗಿಸಲು ಹೊರಟವರ ಎದೆಗಾರಿಕೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಆಗಿನ್ನೂ ಬೆಂಕಿಪುರ ಎನಿಸಿಕೊಂಡಿದ್ದ ಊರಿನಲ್ಲಿ, ಭದ್ರೆಯ ದಡದಲ್ಲಿ ಈ ಸಾಹಸಕ್ಕೆ ಕೈ ಹಾಕಿದರು. ಮಲೆನಾಡಿನ ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡಿದರು; ಏಳುವ ಹೊಗೆಯನ್ನೂ ಬಿಡದೆ ತಣಿಸಿ ಮರದ ಸ್ಪಿರಿಟ್, ಟಾರುಗಳನ್ನು ತೆಗೆದರು. 1923ರಲ್ಲಿ ಕುಲುಮೆ ಹೊತ್ತಿತು. ಆ ಹೊತ್ತಿಗೆ ಪೇಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರೇ ಮರಳಿ ಬಂದು, ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. 1962ರಲ್ಲಿ ಅದು ಕಂಪನಿಯಾಯಿತು, 1976ರಲ್ಲಿ ಅವರದೇ ಹೆಸರು ಪಡೆಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಸೇರಿತು. ಆ ಇದ್ದಿಲಿಗಾಗಿ ಕಾಡು ತೆತ್ತ ಬೆಲೆಯನ್ನೂ ಪುಸ್ತಕದಲ್ಲಿ ಮುಚ್ಚಿಟ್ಟಿಲ್ಲ.

ಆದರೆ ಕೈಗಳ ಕಥೆ ಯಾವ ವರದಿಯಲ್ಲೂ ಇರಲಿಲ್ಲ. ಅದನ್ನು ಕೊಟ್ಟವರು ನಮ್ಮ ಪಕ್ಕದ ಮನೆಯ ಹಿರಿಯರು. ನಾನು ಮಾಮ ಎನ್ನುತ್ತೇನೆ. ಹೆಸರು ಹಾಕಕೂಡದೆಂದು ಆಣೆ ಹಾಕಿಸಿದ್ದಾರೆ. ಬೀಡುಕಬ್ಬಿಣದ ಎರಕಕ್ಕೆ ಮರದ ಮಾದರಿ ಕೆತ್ತುವ ಪ್ಯಾಟರ್ನ್ ಶಾಪ್‌ನಲ್ಲಿ ಆಯುಷ್ಯ ಸವೆಸಿದವರು, ಹುಡುಗನಾಗಿದ್ದಾಗ ನನ್ನ ಅಜ್ಜನ ಕೈಕೆಳಗೆ ಕೆಲಸ ಕಲಿತವರು.

ಕಳೆದ ಮಳೆಗಾಲದ ಒಂದು ರಾತ್ರಿ ಗಾಳಿಗೆ ಹೆಂಚು ಹಾರಿ ನೀರು ನೇರವಾಗಿ ಫೋಟೋಗಳಿದ್ದ ಟ್ರಂಕಿಗೆ ಇಳಿದಿತ್ತು. ಎಲ್ಲವೂ ಬೇರೆಯವರ ಮನೆಯ ಆಸ್ತಿ. ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಕೂಗು ಕೇಳಿ ಮಾಮ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು. ನಾನು ಬಿಡಿಸಲು ಕೈ ಹಾಕುವಷ್ಟರಲ್ಲಿ ಮಣಿಕಟ್ಟು ಹಿಡಿದು, "ಎಳೆಯಬೇಡಪ್ಪ, ನೆನೆಯಲು ಬಿಡು. ತಾನಾಗಿ ಬಿಡುತ್ತದೆ" ಎಂದರು. ಅಗಲ ತಟ್ಟೆಗಳಲ್ಲಿ ತಣ್ಣೀರು ತುಂಬಿ ಮುದ್ದೆಯನ್ನು ಅದರಲ್ಲಿ ಇಳಿಬಿಟ್ಟರು. ಒಂದೊಂದು ಫೋಟೋ ಸಡಿಲವಾದಂತೆ ಅಂಚು ಹಿಡಿದು, ಮೇಲ್ಮೈಗೆ ಬೆರಳು ತಾಕಿಸದೆ ಎತ್ತಿ, ಹಾಸಿದ ಬಟ್ಟೆಯ ಮೇಲೆ ಮುಖ ಮೇಲಾಗಿ ಮಲಗಿಸುತ್ತಾ ಹೋದರು. ಎಂಬತ್ತು ದಾಟಿದ ಆ ಕೈಗಳು ಒಮ್ಮೆಯೂ ನಡುಗಲಿಲ್ಲ.

ನನಗೆ ನಿದ್ದೆ ಬಾರದಿರಲೆಂದೋ ಧೈರ್ಯ ಕುಗ್ಗದಿರಲೆಂದೋ, ರಾತ್ರಿಯಿಡೀ ಕೆಲಸದ ಮಾತಾಡಿದರು. ಕರಗಿದ ಬೀಡು ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆಯಂತೆ. ಅದಕ್ಕಾಗಿ ಪ್ಯಾಟರ್ನ್ ಮಾಡುವವರ ಅಳತೆಪಟ್ಟಿಯೇ ಬೇರೆ; ಅದರ ಒಂದು ಅಡಿ ಪೇಟೆಯ ಅಡಿಗಿಂತ ಅಷ್ಟು ಉದ್ದ. ಮರಳಿನ ಅಚ್ಚಿನಿಂದ ಮಾದರಿಯನ್ನು ಎತ್ತುವಾಗ ಅಂಚು ಉದುರದಂತೆ ಪಕ್ಕಗಳನ್ನು ಕೂದಲೆಳೆಯಷ್ಟು ಓರೆಯಾಗಿ ಕೆತ್ತಬೇಕು. ಇದನ್ನೆಲ್ಲ ನನ್ನ ಅಜ್ಜ ಅವರಿಗೆ ಬೈದು ಕಲಿಸಿದ್ದರು.

ಬೆಳಗಿನ ಜಾವ ತೆಗೆದ ಒಂದು ಫೋಟೋದಲ್ಲಿ ಏನೂ ಉಳಿದಿರಲಿಲ್ಲ. ಫೌಂಡ್ರಿಯವರ ಗುಂಪು ಚಿತ್ರ ಅದು. ಅಜ್ಜನ ಮುಖವಿದ್ದ ಜಾಗ ಬೂದು ಬಣ್ಣದ ಕಲೆಯಾಗಿತ್ತು. ನಮ್ಮಲ್ಲಿದ್ದ ಅವರ ಕೆಲಸದ ಉಡುಪಿನ ಚಿತ್ರ ಅದೊಂದೇ. ನಾನು ಅತ್ತುಬಿಟ್ಟೆ. ಯಾರಿಗಾಗಿ ಈ ಪುಸ್ತಕ, ಎಲ್ಲ ಸಾಕು ಎಂದೆ. ಮಾಮ ಸಮಾಧಾನ ಹೇಳಲಿಲ್ಲ. "ಪೆನ್ನು ತಗೋ" ಎಂದರು. ಆ ಖಾಲಿ ಹಾಳೆಯ ಮೇಲೆ ಬೆರಳು ಸರಿಸುತ್ತಾ ಎಡದಿಂದ ಬಲಕ್ಕೆ, ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ, ಯಾರು ಎಲ್ಲಿ ನಿಂತಿದ್ದರು, ಯಾರ ಕೆಲಸವೇನು ಎಂದು ಬರೆಸಿದರು. ಪುಸ್ತಕದಲ್ಲಿ ಆ ಪುಟಕ್ಕೆ ಚಿತ್ರವಿಲ್ಲ, ಹೆಸರುಗಳಷ್ಟೇ ಇವೆ, ನಿಂತ ಜಾಗದಲ್ಲೇ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಪುಟವಿಲ್ಲ.

ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದಾಗ ಮಾಮ ಹಲವು ದಿನ ಯಾರೊಂದಿಗೂ ಮಾತಾಡಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಉಕ್ಕಿನ ಸರಳು ತಯಾರಿಸುವ ಬಾರ್ ಮಿಲ್ ಮತ್ತೆ ಶುರುವಾದ ಸುದ್ದಿ ಓದಿ ಹೇಳಿದ್ದು ನಾನೇ. ಮತ್ತೊಮ್ಮೆ ಓದಿಸಿಕೊಂಡರು. ಮಾಮ, ನಿಮಗೆ ಏನು ಕೊಟ್ಟರೂ ಕಡಿಮೆಯೇ. ಪ್ಯಾಟರ್ನ್ ಶಾಪ್‌ನ ಅಧ್ಯಾಯ ನಿಮ್ಮದು, ನಾನು ಬರೆದುಕೊಂಡೆನಷ್ಟೇ.

ಒಣಗಿ ಉಳಿದ ಫೋಟೋಗಳನ್ನು ಮುಂದಿನ ವಾರದಿಂದ ಅವರವರ ಮನೆಗೆ ತಲುಪಿಸುತ್ತೇನೆ, ಪುಸ್ತಕದ ಪ್ರತಿಯೊಂದಿಗೆ. ಕೊನೆಗೊಂದು ಕೋರಿಕೆ: ಆ ಫೌಂಡ್ರಿ ಗುಂಪಿನ ಫೋಟೋದ ಇನ್ನೊಂದು ಪ್ರತಿ ಯಾರ ಮನೆಯ ಗೋಡೆಯಲ್ಲಾದರೂ, ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು, ಮಾಮನನ್ನೂ ಕರೆತಂದು, ನಿಮ್ಮ ಮನೆಯಲ್ಲೇ ನೋಡಿಕೊಂಡು ಹೋಗುತ್ತೇನೆ.