ಬೊಳ್ಳು ನಿಂತಲ್ಲಿ ನೀನೂ ನಿಲ್ಲು

ಬದಿಯಡ್ಕ
ಸೋಣ ತಿಂಗಳು

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ಬೆಳ್ಳಿ ಕೆಲಸ ಕೈಗೆ ಹತ್ತಿದೆ, ಬೆಸುಗೆಯೂ ಗಟ್ಟಿ ನಿಲ್ಲುತ್ತಿದೆ, ಆದರೆ ಹೊಸ ಡಿಸೈನ್ ಹೊಳೆಯುತ್ತಿಲ್ಲ ಅಂತ ಬರೆದಿದ್ದೀಯ. ರಾತ್ರಿಯೆಲ್ಲ ಫೋನಿನಲ್ಲಿ ಬೇರೆಯವರ ಓಲೆ, ಸರ ನೋಡುತ್ತಾ ಕೂರುತ್ತೀಯಂತೆ. ಸ್ವಲ್ಪ ದಿನ ಅದನ್ನು ಬಿಡು. ಊರಿಗೆ ಬಾ. ಬೆಳಗ್ಗೆ ನಮ್ಮ ನಾಯಿ ಬೊಳ್ಳುವಿನ ಜೊತೆ ಗುಡ್ಡೆಗೆ ಹೋಗು.

ಒಬ್ಬಳೇ ಹೋದರೆ ನೀನು ದಾರಿ ಮುಗಿಸಲು ನಡೆಯುತ್ತೀ. ನಾಯಿಗೆ ಆ ಅವಸರ ಇಲ್ಲ. ಹತ್ತು ಹೆಜ್ಜೆಗೊಮ್ಮೆ ನೆಲ ಮೂಸುತ್ತಾನೆ. ಅವನು ನಿಂತರೆ ನಾವೂ ನಿಲ್ಲಲೇಬೇಕು. ನಿಂತ ಮೇಲೆ ಕಣ್ಣು ಸುಮ್ನೆ ಇರುವುದಿಲ್ಲ ಅಲ್ವಾ?

ಕಳೆದ ವಾರ ಪಾರೆಯ ಮೇಲೆ ಹಾಗೇ ಆಯಿತು. ಮುರಕಲ್ಲಿನ ಸಂದಿಯಲ್ಲಿ ಹುಳ ಹಿಡಿಯುವ ಆ ಪುಟ್ಟ ಗಿಡ. ಎಲೆ ತುಂಬ ಕೆಂಪು ಕೂದಲು, ಒಂದೊಂದರ ತುದಿಗೂ ಒಂದು ಅಂಟಿನ ಹನಿ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕುಕ್ಕರುಗಾಲಲ್ಲಿ ಕೂತು ನೋಡಿದೆ. ನಿನ್ನ ಅಜ್ಜ ಒಡವೆಗೆ ಬೆಳ್ಳಿಯ ರವೆ, ಅಂದರೆ ಪುಟ್ಟ ಗುಂಡು, ಮಾಡುತ್ತಿದ್ದದ್ದು ನೆನಪಾಯಿತು. ತೆಳು ತಂತಿಯನ್ನು ಒಂದೇ ಅಳತೆಗೆ ತುಂಡು ಮಾಡಿ, ಇದ್ದಿಲ ಮೇಲಿಟ್ಟು ಊದುಕೊಳವೆಯಿಂದ ಊದುತ್ತಿದ್ದರು. ಕರಗಿದ ತುಂಡು ತಾನಾಗಿ ಉರುಟಾಗುತ್ತದೆ. ಹನಿಯೂ ಹಾಗೇ ಉರುಟಾದದ್ದು. ಮನೆಗೆ ಬಂದು ಏಳು ತಂತಿ, ತುದಿಗೆ ಏಳು ರವೆ ಇಟ್ಟು ಓಲೆ ಮಾಡಿದೆ. ಎಲೆ ಮಾಡಲಿಲ್ಲ. ಹನಿ ಸಾಕು ಅನಿಸಿತು.

ಕಂಡದ್ದನ್ನೆಲ್ಲ ಬೆಳ್ಳಿಗೆ ಇಳಿಸಬೇಡ ಮಗಳೇ, ಒಂದನ್ನೇ ತೆಗೆದುಕೋ. ಮಲ್ಲಿಗೆ ಮೊಗ್ಗಿನ ಸರ, ಕೊತ್ತಂಬರಿ ಸರ, ಅವಲಕ್ಕಿ ಸರ. ಎಲ್ಲ ನಮ್ಮ ಅಂಗಳದ್ದು, ಅಡುಗೆಮನೆಯದ್ದು. ಮೊಗ್ಗಿನ ಸರದಲ್ಲಿ ಮೊಗ್ಗಿನ ಉದ್ದ, ಮೊನೆ ಬಿಟ್ಟರೆ ಬೇರೇನಿದೆ? ಆದರೂ ನೋಡಿದ ಕೂಡಲೇ ಮಲ್ಲಿಗೆ ಅಂತ ಗೊತ್ತಾಗುತ್ತದೆ. ನಾನು ಹರೆಯದಲ್ಲಿ ವೀಳ್ಯದೆಲೆಯ ಪದಕ ಮಾಡಿ ಒಂದೊಂದು ನರವನ್ನೂ ಕೆತ್ತಿದ್ದೆ. ತುದಿಯನ್ನು ಎಲೆಯ ಹಾಗೇ ಚೂಪಾಗಿ ಬಿಟ್ಟೆ. ಮದುವೆಯ ದಿನ ಅದು ಮದುಮಗಳ ರೇಷ್ಮೆ ಸೀರೆಯ ನೂಲು ಎಳೆಯಿತು. ಆ ಹುಡುಗಿಯ ಮುಖ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಒಡವೆಯ ಮೇಲೆ ಬಟ್ಟೆ ಸವರಿ ನೋಡದೆ ಯಾರ ಕೈಗೂ ಕೊಟ್ಟಿಲ್ಲ. ನೀನೂ ಕೊಡಬೇಡ.

ಬೇಲಿಯಲ್ಲಿ ಗುಲಗಂಜಿ ಸಿಗುತ್ತದೆ. ಹಿಂದೆ ಚಿನ್ನ ತೂಗುತ್ತಿದ್ದದ್ದು ಅದರಲ್ಲೇ. ಚೆಂದ ಅಂತ ತೂತು ಕೊರೆದು ಪೋಣಿಸಬೇಡ. ಒಳಗೆ ಜೀವ ತೆಗೆಯುವ ವಿಷ ಇದೆ. ಕೆಂಪಿನಲ್ಲಿ ಕಪ್ಪು ಎಷ್ಟು ಸ್ವಲ್ಪ ಇದೆ ನೋಡು, ಅಷ್ಟನ್ನು ಕಣ್ಣಲ್ಲಿ ತೆಗೆದುಕೊಂಡು ಬಾ.

ಗುಡ್ಡೆಯಿಂದ ಮನೆಗೆ ಬರುವಾಗ ಬೊಳ್ಳು ಸುರಂಗದ, ನೀರಿಗಾಗಿ ಗುಡ್ಡೆಯೊಳಕ್ಕೆ ಕೊರೆದ ಬಿಲದ, ಬಾಯಲ್ಲಿ ನೀರು ಕುಡಿಯುತ್ತಾನೆ. ಅಲ್ಲಿ ಜರಿಗಿಡದ ಎಳೆ ಚಿಗುರು ಸುರುಳಿ ಸುತ್ತಿಕೊಂಡಿರುತ್ತದೆ. ಒಂದೇ ಚಿಗುರನ್ನು ನಾಲ್ಕು ದಿನ ನೋಡು. ಆಮೇಲೆ ತಂತಿ ಬಗ್ಗಿಸು. ಬಗ್ಗಿಸಿದಷ್ಟೂ ಬೆಳ್ಳಿ ಗಟ್ಟಿಯಾಗುತ್ತದೆ, ಹಟ ಹಿಡಿದರೆ ಬಿರಿಯುತ್ತದೆ. ಮಂಕು ಕೆಂಪು ಬರುವಷ್ಟೇ ಕಾಯಿಸಿ ಮೆತ್ತಗೆ ಮಾಡಿಕೋ.

ಚೌತಿಗೆ ಬಾ. ತಂತಿ ಎಳೆದು ಇಟ್ಟಿರುತ್ತೇನೆ. ದೊಡ್ಡಮ್ಮ ಪತ್ರೊಡೆ ಮಾಡುತ್ತಾಳೆ, ಕೆಸುವಿನೆಲೆ ಕೊಯ್ಯಲು ನೀನೇ ಹೋಗು. ಬೊಳ್ಳುವಿಗೆ ವಯಸ್ಸಾಯಿತು, ಏರು ಹತ್ತುವಾಗ ಎರಡು ಸಲ ಕೂರುತ್ತಾನೆ. ಎಳೆಯಬೇಡ. ಜೊತೆಗೆ ಕೂರು.

ಇತಿ,
ನಿನ್ನ ದೊಡ್ಡಪ್ಪ