ಮೊಸಳೆಯ ಗೂಡಿಗೂ ಮರಳು ಬೇಕು

ಮಾನ್ಯ ಸಂಪಾದಕರೇ,

ಕೃಷ್ಣೆಯ ದಂಡೆಯಲ್ಲಿ ಮೊಸಳೆ ಕಂಡೊಡನೆ ಶಹಾಪುರ, ಸುರಪುರ ತಾಲ್ಲೂಕುಗಳ ನಮ್ಮ ಊರುಗಳಲ್ಲಿ ಕೆಲವರು ಅದನ್ನು ಅಲಿಗೇಟರ್ ಎಂದು ಕರೆಯುವುದುಂಟು. ಅಲಿಗೇಟರ್‌ಗಳ ನೆಲೆ ಅಮೆರಿಕದ ಆಗ್ನೇಯ ಭಾಗ ಮತ್ತು ಚೀನಾ. ಬಾಯಿ ಮುಚ್ಚಿದಾಗ ಅವುಗಳ ಕೆಳದವಡೆಯ ನಾಲ್ಕನೆಯ ಹಲ್ಲು ಒಳಗೆ ಅಡಗುತ್ತದೆ. ನಮ್ಮ ಮಗ್ಗರ್ ಮೊಸಳೆಯದು ಹೊರಗೆ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಗೂಡಿನದು. ಅಲಿಗೇಟರ್ ಸೊಪ್ಪುಸದೆ ಕೂಡಿಸಿ ದಿಬ್ಬ ಕಟ್ಟಿ ಮೊಟ್ಟೆಯಿಟ್ಟರೆ, ನಮ್ಮ ಮೊಸಳೆ ಬೇಸಿಗೆಯಲ್ಲಿ ದಂಡೆಯ ಮರಳಿನಲ್ಲೋ ಮಣ್ಣಿನಲ್ಲೋ ಗುಂಡಿ ತೋಡಿ ಸುಮಾರು 25ರಿಂದ 30 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ಗುಂಡಿಯ ಶಾಖವೇ ನಿರ್ಧರಿಸುತ್ತದೆ. ಎರಡು ತಿಂಗಳು ಕಳೆದು ಮೊಟ್ಟೆಯೊಳಗಿನ ಮರಿಗಳು ಕೂಗಿದಾಗ ತಾಯಿ ಗೂಡನ್ನು ಅಗೆದು, ಅವುಗಳನ್ನು ಬಾಯಲ್ಲಿ ಹಿಡಿದು ನೀರಿಗೆ ಒಯ್ಯುತ್ತದೆ. ಅಷ್ಟು ಬಲವಾದ ದವಡೆ ಅಷ್ಟು ಮೆತ್ತಗೆ ಹಿಡಿಯುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ನೀರು ಇಳಿದು ಮರಳು ತೆಗೆಯುವ ಕಾಲವೂ ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಇರುವ ಪ್ರಾಣಿಯ ಗೂಡು ಟ್ರ್ಯಾಕ್ಟರಿನ ಗಾಲಿಯಡಿ ಸಿಗಬಾರದು. ಫೆಬ್ರುವರಿಯಿಂದ ಜೂನ್‌ವರೆಗೆ ಗೂಡಿರುವ ದಂಡೆಗಳಲ್ಲಿ ಮರಳುಗಾರಿಕೆಯನ್ನು ನಿಲ್ಲಿಸಬೇಕು. ಗೂಡು ಕಾಯುವ ತಾಯಿ ಮೊಸಳೆ ಹತ್ತಿರ ಬಂದವರ ಮೇಲೆರಗುವುದರಿಂದ, ಬಟ್ಟೆ ಒಗೆಯುವ, ಎಮ್ಮೆ ಇಳಿಸುವ ಕಡೆಗಳಲ್ಲಿ ಎಚ್ಚರಿಕೆಯ ಫಲಕಗಳನ್ನು ಕೂಡಲೇ ಹಾಕಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

— ನದಿದಂಡೆಯ ರೈತ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ