ಮೈಕಿನಲ್ಲಿ ಹೇಳಿದ್ದೂ ತಪ್ಪು, ಅಚ್ಚಾದದ್ದೂ ತಪ್ಪು

ಮಾನ್ಯ ಸಂಪಾದಕರೇ,

ಅಂಗವಿಕಲರ ಪ್ರಮಾಣಪತ್ರ ಶಿಬಿರದ ಬಗ್ಗೆ ಮಂಗಳವಾರದ ಸಂಚಿಕೆಯಲ್ಲಿ ಬಂದ ವರದಿಯನ್ನು ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಆ ದಿನ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯಿರುವ ಮೊಮ್ಮಗನನ್ನು ಕರೆದುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕುಳಿತಿದ್ದವರಲ್ಲಿ ನಾನೂ ಒಬ್ಬ. ‘ಹಿಮೋಫಿಲಿಯಾ ರಕ್ತಸಂಬಂಧದೊಳಗೆ ಮದುವೆಯಾದವರ ಮಕ್ಕಳಿಗೆ ಬರುವ ಕಾಯಿಲೆ, ತಾಯಂದಿರು ಮೊದಲೇ ಎಚ್ಚರ ವಹಿಸಿದ್ದರೆ ತಪ್ಪಿಸಬಹುದಿತ್ತು’ ಎಂದು ಅಧಿಕಾರಿಗಳು ವೇದಿಕೆಯಲ್ಲಿ ಹೇಳಿದ್ದು ನಿಜ. ನಿಮ್ಮ ವರದಿಗಾರರು ಅದನ್ನು ಯಥಾವತ್ತಾಗಿ ಬರೆದುಕೊಂಡಿದ್ದಾರೆ, ನೀವು ಅದನ್ನೇ ದಪ್ಪ ಅಕ್ಷರಗಳಲ್ಲಿ ಬೇರೆಯಾಗಿ ಹಾಕಿದ್ದೀರಿ. ಆದರೆ ಆ ಮಾತು ತಪ್ಪು. ಪತ್ರಿಕೆ ಬಂದ ದಿನವೇ ಬೀಗರ ಮನೆಯಿಂದ ನನ್ನ ಮಗಳಿಗೆ ಫೋನ್ ಬಂತು. ‘ಪೇಪರಿನಲ್ಲೇ ಬಂದಿದೆಯಲ್ಲ, ತಾಯಿಯಿಂದಲೇ ಆದದ್ದಂತೆ’ ಎಂದರಂತೆ. ಹನ್ನೊಂದು ವರ್ಷಗಳಿಂದ ಒಳಗೇ ರಕ್ತ ಸೋರಿ ಮಗನ ಮಂಡಿ ಊದಿದಾಗಲೆಲ್ಲ ರಾತ್ರಿಯಿಡೀ ಮಂಜುಗಡ್ಡೆ ಇಟ್ಟುಕೊಂಡು ಕುಳಿತ ಹೆಣ್ಣುಮಗಳು ಈ ಮಾತನ್ನು ಕೇಳಬೇಕಾಯಿತು.

ನಾನು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವನು. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್, ಒಂದು ವೈ. ಇದು ಹತ್ತನೇ ತರಗತಿಯ ಪಾಠ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ ಫ್ಯಾಕ್ಟರ್ 9 ಎಂಬ ಪ್ರೋಟೀನನ್ನು ತಯಾರಿಸುವ ವಂಶವಾಹಿ ಇರುವುದು ಎಕ್ಸ್‌ನಲ್ಲಿ. ಗಂಡು ಮಗುವಿಗೆ ಈ ಜೋಡಿಯಲ್ಲಿ ತಂದೆಯಿಂದ ಬರುವುದು ವೈ ಮಾತ್ರ, ಎಕ್ಸ್ ಬರುವುದು ತಾಯಿಯಿಂದ. ಹೀಗಿರುವಾಗ ಮಗನಿಗೆ ಹಿಮೋಫಿಲಿಯಾ ಬರುವ ವಿಷಯದಲ್ಲಿ, ಅವನ ತಂದೆಯು ಅವನ ತಾಯಿಗೆ ಸೋದರಮಾವನೋ, ಅತ್ತೆಯ ಮಗನೋ, ಊರು ಕೇರಿ ಗೊತ್ತಿಲ್ಲದ ಪರಕೀಯನೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಅಳಿಯ ಬೇರೆ ಜಿಲ್ಲೆಯವರು. ಎರಡು ಮನೆತನಗಳ ನಡುವೆ ಹಿಂದೆ ಕೊಟ್ಟು ತಂದ ಸಂಬಂಧ ಯಾವುದೂ ಇಲ್ಲ.

ರಕ್ತಸಂಬಂಧದ ಮದುವೆಯಿಂದ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಥಲಸ್ಸೇಮಿಯಾ ಎಂಬ ರಕ್ತಹೀನತೆಯಂತಹ ಕಾಯಿಲೆಗಳಲ್ಲಿ ದೋಷವಿರುವ ವಂಶವಾಹಿ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಅಕ್ಕನ ಮಗಳನ್ನು ಮದುವೆಯಾದವರ ಮಗುವಿಗೆ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ 8ರಲ್ಲಿ 1, ಅತ್ತೆ ಅಥವಾ ಮಾವನ ಮಗಳಾದರೆ 16ರಲ್ಲಿ 1. ಆದ್ದರಿಂದ ಆ ಕಾಯಿಲೆಗಳ ಮಟ್ಟಿಗೆ ಎಚ್ಚರಿಕೆಯ ಮಾತು ಸರಿಯೇ. ಆದರೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಜನರ ಮುಂದೆ ಇಡುವುದು ಜವಾಬ್ದಾರಿಯುತರು ಮಾಡುವ ಕೆಲಸವಲ್ಲ.

ಇನ್ನು ತಾಯಿ ‘ಎಚ್ಚರ ವಹಿಸುವ’ ಮಾತು. ವಾಹಕಿಯಾದ, ಅಂದರೆ ಒಂದು ಎಕ್ಸ್‌ನಲ್ಲಿ ದೋಷವಿರುವ ವಂಶವಾಹಿಯನ್ನು ಹೊತ್ತ ತಾಯಿಗೆ ಹುಟ್ಟುವ ಪ್ರತಿ ಗಂಡು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಪ್ರತಿ ಹೆಣ್ಣು ಮಗುವೂ ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಸುಮಾರು ಮೂರನೇ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ, ವಂಶವಾಹಿಯಲ್ಲಿ ಹೊಸದಾಗಿಯೇ ಬದಲಾವಣೆಯಾಗಿರುತ್ತದೆ. ನಮ್ಮ ಮನೆಯಲ್ಲಿ ಸುಳಿವಿತ್ತು, ಆದರೆ ಓದಿಕೊಳ್ಳುವವರಿರಲಿಲ್ಲ. ನನ್ನ ಪತ್ನಿಯ ತಮ್ಮ ಹದಿನಾಲ್ಕನೇ ವಯಸ್ಸಿನಲ್ಲಿ ಹಲ್ಲು ಕೀಳಿಸಿಕೊಂಡ ಮೇಲೆ ರಕ್ತ ನಿಲ್ಲದೆ ತೀರಿಕೊಂಡ. ಅದು ದೃಷ್ಟಿ ತಾಗಿದ್ದು ಎಂದು ಮನೆಯವರು ನಂಬಿದ್ದರು. ಮೊಮ್ಮಗ ಅಂಬೆಗಾಲಿಡುವಾಗ ಮೈಮೇಲೆ ನೀಲಿ ಬಾವುಗಳು ಕಾಣಿಸಿಕೊಂಡ ನಂತರವೇ ನಮಗೆ ಆ ಹುಡುಗನ ಸಾವು ಅರ್ಥವಾದದ್ದು. ಇದರಲ್ಲಿ ನನ್ನ ಪತ್ನಿಯದಾಗಲಿ, ಮಗಳದಾಗಲಿ ಯಾವ ತಪ್ಪನ್ನು ಅಧಿಕಾರಿಗಳು ಕಂಡರು?

ತಾಯಿಯನ್ನು ದೂರಿದ ಅದೇ ಶಿಬಿರದಲ್ಲಿ, ನನ್ನ ಮೊಮ್ಮಗಳು ವಾಹಕಿಯೇ ಎಂಬ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ‘ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲ, ಅವಳಿಗೆ ಪರೀಕ್ಷೆ ಯಾಕೆ’ ಎಂದು ಕಳುಹಿಸಿದರು. ನಾಳೆ ಅವಳಿಗೆ ಗಂಡು ಮಗು ಹುಟ್ಟಿ ಮಂಡಿ ಊದಿಸಿಕೊಂಡರೆ, ಎಚ್ಚರ ವಹಿಸಲಿಲ್ಲವೆಂದು ಅವಳನ್ನೂ ಇದೇ ಬಾಯಿಗಳು ಬೈಯುತ್ತವೆ. ವಾಹಕಿಯರಲ್ಲಿ ಕೆಲವರಿಗೆ ಸ್ವತಃ ಫ್ಯಾಕ್ಟರ್ ಪ್ರಮಾಣ ಕಡಿಮೆ ಇದ್ದು ಮುಟ್ಟಿನಲ್ಲಿ, ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾಗುತ್ತದೆ ಎಂಬುದನ್ನಾದರೂ ಅವರು ತಿಳಿದಿರಬೇಕಿತ್ತು.

ಶಿಬಿರದ ವ್ಯವಸ್ಥೆಯ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ. ಆರು ಗಂಟೆಯ ಬಸ್ಸು ಹಿಡಿದು ಬಂದು, ಟೋಕನ್ ಪಡೆದು, ಊದಿದ ಮೊಣಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಸಿಕೊಂಡು ಮಗುವನ್ನು ಶಾಮಿಯಾನದಡಿ ಐದು ಗಂಟೆ ಕೂರಿಸಿದ್ದೆವು. ಮಧ್ಯಾಹ್ನ ನಮ್ಮ ಸರದಿ ಬಂದಾಗ ‘ಮೂಳೆ ಡಾಕ್ಟರು ಬಂದಿದ್ದಾರೆ, ರಕ್ತದ ಡಾಕ್ಟರು ಬಂದಿಲ್ಲ’ ಎಂಬ ಉತ್ತರ ಸಿಕ್ಕಿತು. ನೋವು ತಡೆಯಲಾರದೆ ಮಗು ಅತ್ತಾಗ ಸಿಬ್ಬಂದಿಯೊಬ್ಬರು ಸೊಂಟಕ್ಕೆ ಚುಚ್ಚುಮದ್ದು ಕೊಡಲು ಸಿರಿಂಜು ಹಿಡಿದೇ ಬಂದರು. ಕೊರತೆಯಿರುವ ಫ್ಯಾಕ್ಟರನ್ನು ಮೊದಲು ಔಷಧವಾಗಿ ಕೊಡದೆ ಈ ಮಕ್ಕಳ ಸ್ನಾಯುವಿಗೆ ಸೂಜಿ ಚುಚ್ಚಿದರೆ ಒಳಗೇ ರಕ್ತ ತುಂಬಿಕೊಳ್ಳುತ್ತದೆ. ನಾನು ಅಡ್ಡ ನಿಂತು ತಡೆದೆ. ಫ್ಯಾಕ್ಟರ್ ಕೇಳಿದರೆ ದಾಸ್ತಾನಿಲ್ಲ ಎಂದರು. ಕೊನೆಗೆ ಕಿಟಕಿಯಲ್ಲಿದ್ದವರು, ಹಳೆಯ ಪ್ರಮಾಣಪತ್ರ ತಾತ್ಕಾಲಿಕವಾದದ್ದು, ಅವಧಿ ಮುಗಿದಿದೆ, ಕಾಯಿಲೆ ಈಗಲೂ ಇದೆಯೆಂದು ಹೊಸದಾಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಫ್ಯಾಕ್ಟರ್ 8 ಶೇ 1ಕ್ಕಿಂತ ಕಡಿಮೆ ಇರುವ ಮಗು ಇದು. ವಂಶವಾಹಿಯಲ್ಲೇ ಇರುವ ದೋಷ ಅವಧಿ ಮುಗಿದ ಕೂಡಲೇ ಹೋಗುತ್ತದೆಯೇ?

ವಂಶವಾಹಿಯ ಕಾಯಿಲೆಗೆ ಕಾಯಿಲೆಯವರನ್ನೇ ದೂರುವುದು ಇಂದಿನ ಕಥೆಯಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬಡವರ ಕೀಲುಗಳು ಸವೆದು ನಡೆಯಲಾಗದಂತಾದಾಗ, ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಮಾತು ಹಬ್ಬಿತ್ತು. ಅದು ವಂಶದಲ್ಲಿ ಇಳಿದು ಬರುವ ಕಾಯಿಲೆಯೆಂದು ಅಧ್ಯಯನಗಳಿಂದ ಆಮೇಲೆ ತಿಳಿಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಹಿಮೋಫಿಲಿಯಾವನ್ನೂ ಸೇರಿಸಿತು, ಆದರೆ ಅದೇ ಕಾಯ್ದೆಯ ಶೇ 4ರ ಉದ್ಯೋಗ ಮೀಸಲಾತಿಯಲ್ಲಿ ರಕ್ತದ ಕಾಯಿಲೆಗಳಿಗೆ ಜಾಗವಿಲ್ಲ. ಈ ಬಗ್ಗೆ ನಾನು ಕೊಟ್ಟ ಎರಡು ಮನವಿಗಳಿಗೆ ಸ್ವೀಕೃತಿಯ ಮೊಹರು ಬಿಟ್ಟರೆ ಬೇರೇನೂ ಬಂದಿಲ್ಲ. ನಮ್ಮಂಥವರಿಗೆ ದಾರಿ ತೋರಿಸಿದ್ದು ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯಂತಹ ಸಂಸ್ಥೆಗಳೇ ಹೊರತು ಮೈಕ್ ಹಿಡಿದವರಲ್ಲ.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ತಪ್ಪು ಮಾತನ್ನು ಅಧಿಕಾರಿಗಳು ಹಿಂತೆಗೆದುಕೊಳ್ಳಬೇಕು, ನೀವೂ ಅಷ್ಟೇ ದಪ್ಪ ಅಕ್ಷರಗಳಲ್ಲಿ ತಿದ್ದುಪಡಿ ಹಾಕಬೇಕು. ಮುಂದಿನ ಶಿಬಿರಕ್ಕೆ ರಕ್ತದ ಡಾಕ್ಟರನ್ನು ಕರೆಸಲಿ, ಕರೆಸಲಾಗದಿದ್ದರೆ ಶಿಬಿರವನ್ನೇ ಮಾಡದಿರಲಿ. ವೇದಿಕೆ ಹತ್ತುವವರು ಅದಕ್ಕೂ ಮೊದಲು ಹತ್ತನೇ ತರಗತಿಯ ವಿಜ್ಞಾನ ಪುಸ್ತಕವನ್ನು ಓದಿಕೊಂಡು ಬರಲಿ.

ಇತಿ,
ಹಿಮೋಫಿಲಿಯಾ ಇರುವ ಬಾಲಕನೊಬ್ಬನ ತಾತ, ನಿವೃತ್ತ ಶಿಕ್ಷಕ